ಪದ್ಮಿನಿನಾ, ಸ್ವಿಫ್ಟಾ? ಹೋಲಿಸೋದಾದ್ರೆ ಹಿಂಗೆ ಹೋಲಿಸಿ

ಹಳೇ ಪ್ರೀಮಿಯರ್ ಪದ್ಮಿನಿ ಕಾರು ಒಂದು ಕಣ್ಣಿಗೆ ಬಿದ್ದು, ಅದನ್ನ ತಗೊಳ್ಳೋದಾ ಇಲ್ಲ ಸುಮ್ನೆ ಹೊಸ ಮಾರುತಿ ಸ್ವಿಫ್ಟ್ ಬುಕ್ ಮಾಡೋದಾ ಅಂತ ತಲೆ ಕೆಡಿಸ್ಕೊಂಡಿರೋರು ಮೊದ್ಲು ಬ್ರೋಷರ್ ಪಕ್ಕಕ್ಕಿಡಿ. ಕಾಗದದ ಮೇಲೆ ಎರಡೂ ಅಣ್ಣತಮ್ಮಂದಿರ ಥರ ಕಾಣ್ತವೆ, ಪದ್ಮಿನಿದು 1089 ಸಿಸಿ, ಸ್ವಿಫ್ಟ್‌ದು 1197, ತೂಕನೂ ಎರಡೂ 900 ಕೆಜಿ ಆಸುಪಾಸು. ಪವರ್ ಮಾತ್ರ ಹೊಸದ್ರಲ್ಲಿ ಹತ್ರಹತ್ರ ಡಬಲ್. ಅದಿರ್ಲಿ ಬಿಡಿ, ಓಡೋದಕ್ಕಿಂತ ನಿಲ್ಲೋದು ಮುಖ್ಯ.

ಅದಕ್ಕೆ ಮೊದ್ಲು ಬ್ರೇಕ್ ನೋಡಿ. ಖಾಲಿ ರೋಡಲ್ಲಿ, ಹಿಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಎರಡನ್ನೂ 40ರ ಸ್ಪೀಡಲ್ಲಿ ತಂದು ಒಂದೇ ಜಾಗದಲ್ಲಿ ಬ್ರೇಕ್ ಒತ್ತಿ, ಎಲ್ಲಿ ನಿಂತವು ಅಂತ ಗುರುತು ಹಾಕಿ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಹಳೇ ಕಾಲದ ಡ್ರಮ್ ಬ್ರೇಕು, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದ್ರೂ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋದು) ಇಲ್ಲ, ಏರ್‌ಬ್ಯಾಗ್ ಅಂತೂ ಕೇಳ್ಲೇಬೇಡಿ (ಈಗಿನ ಸ್ವಿಫ್ಟಲ್ಲಿ 6 ಇದಾವೆ). ಬ್ರೇಕ್ ಹಾಕ್ದಾಗ ಗಾಡಿ ಒಂದು ಕಡೆ ಎಳೀತಿದ್ರೆ ಡ್ರಮ್ ಅಡ್ಜಸ್ಟ್‌ಮೆಂಟ್ ತಪ್ಪಿರುತ್ತೆ ಇಲ್ಲಾ ಚಕ್ರದೊಳಗೆ ಬ್ರೇಕ್ ಒತ್ತೋ ವ್ಹೀಲ್ ಸಿಲಿಂಡರ್ ಲೀಕ್ ಇರುತ್ತೆ, ಸರಿ ಮಾಡಿಸ್ಬೋದು. ಆದ್ರೆ ನಂದಿ ಬೆಟ್ಟ ಇಳಿಯುವಾಗ ಡ್ರಮ್ ಕಾದು ಹಿಡಿತ ಕಮ್ಮಿ ಆಗೋದಕ್ಕೆ ಮೆಕ್ಯಾನಿಕ್ ಹತ್ರ ಔಷಧಿ ಇಲ್ಲ, ಸೆಕೆಂಡ್ ಗೇರಲ್ಲೇ ನಿಧಾನಕ್ಕೆ ಇಳೀಬೇಕು.

ಆಮೇಲೆ ಪಾರ್ಕಿಂಗ್. ಪದ್ಮಿನಿಗೆ ಪವರ್ ಸ್ಟೀರಿಂಗ್ ಇಲ್ಲ, ಗೇರ್ ಲಿವರ್ ಸಾಮಾನ್ಯವಾಗಿ ಸ್ಟೀರಿಂಗ್ ಪಕ್ಕದಲ್ಲಿ, ತೋಳು ನೋಯುತ್ತೆ. ಆದ್ರೂ ಒಂದ್ ಮಾತು ಹೇಳ್ಲೇಬೇಕು, ಪದ್ಮಿನಿ ಪಿಲ್ಲರ್‌ಗಳು (ಛಾವಣಿ ಹೊತ್ತಿರೋ ಕಂಬಗಳು) ತೆಳ್ಳಗಿರೋದ್ರಿಂದ ಕೂತಲ್ಲಿಂದ ನಾಲ್ಕೂ ಮೂಲೆ ಎಷ್ಟು ಚೆನ್ನಾಗಿ ಕಾಣುತ್ತೆ ಅಂದ್ರೆ ಸ್ವಿಫ್ಟಲ್ಲಿ ಕೂತ್ಮೇಲೆ ಕಿಟಕಿ ಮುಚ್ಚಿದ ರೂಮಲ್ಲಿ ಇದ್ದಂಗಾಗುತ್ತೆ.

ಪದ್ಮಿನಿ ಬಾಡಿ ಚೆಕ್ ಮಾಡೋಕೆ ಒಂದು ಅಯಸ್ಕಾಂತ ತಗೊಂಡು ಹೋಗಿ, ತೆಳು ಬಟ್ಟೆ ಸುತ್ತಿ ಬಾಗಿಲ ಕೆಳಭಾಗ, ಚಕ್ರದ ಮೇಲಿನ ತಗಡು ಎಲ್ಲಾ ಕಡೆ ಇಟ್ಟು ನೋಡಿ, ಅಂಟಿಲ್ಲ ಅಂದ್ರೆ ಪೇಂಟ್ ಕೆಳಗೆ ಪುಟ್ಟಿ ಇದೆ ಅಂತ. ಮ್ಯಾಟ್ ಎತ್ತಿ ಫ್ಲೋರ್ ತುಕ್ಕು ಹಿಡಿದಿದ್ಯಾ ನೋಡಿ.

ರಿಪೇರಿಲಿ ಲೆಕ್ಕ ಉಲ್ಟಾ. ಪದ್ಮಿನಿ ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸೋದು), ಪಾಯಿಂಟ್ (ಕಿಡಿ ಬರೋ ಹೊತ್ತು ನೋಡ್ಕೊಳ್ಳೋದು) ಎಲ್ಲಾ ಸ್ಕ್ರೂಡ್ರೈವರ್ ಸ್ಪ್ಯಾನರಲ್ಲೇ ಆಗೋಗುತ್ತೆ, ಸ್ವಿಫ್ಟಲ್ಲಿ ವಾರ್ನಿಂಗ್ ಲೈಟ್ ಹತ್ತಿದ್ರೆ ಸ್ಕ್ಯಾನರ್ ಬೇಕು. ಆದ್ರೆ ಪದ್ಮಿನಿ ಪಾರ್ಟ್ಸ್ ಶೋರೂಮಲ್ಲಿ ಸಿಗಲ್ಲ, ಬೆಂಗಳೂರಾದ್ರೆ ಜೆಸಿ ರೋಡು, ಶಿವಾಜಿನಗರದ ಗುಜರಿ ಅಂತ ಅಲೀಬೇಕು. ಈಗಿನ ಇ20 ಪೆಟ್ರೋಲಲ್ಲಿರೋ 20% ಎಥನಾಲ್ ಹಳೇ ರಬ್ಬರ್ ಪೈಪು, ಫ್ಯೂಯಲ್ ಪಂಪಿನ ಡಯಾಫ್ರಾಮ್ (ಒಳಗಿನ ಪೊರೆ) ಎಲ್ಲಾ ತಿನ್ನುತ್ತೆ, ಅದನ್ನ ಬದಲಾಯಿಸೋ ಖರ್ಚನ್ನ ಗಾಡಿ ರೇಟಿಗೇ ಸೇರಿಸ್ಕೊಳ್ಳಿ.

ಕೊನೇಗೆ ಪೇಪರ್. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿ ಒರಿಜಿನಲ್ ಆಗೇ ಇರೋ ಗಾಡಿಗೆ ವಿಂಟೇಜ್ ರಿಜಿಸ್ಟ್ರೇಷನ್ ಸಿಗುತ್ತೆ, ನಂಬರಲ್ಲಿ ವಿಎ ಅಂತ ಇರುತ್ತೆ. ಆದ್ರೆ ಅದನ್ನ ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ಸರ್ವಿಸ್ ಇಂಥದಕ್ಕೆ ಬಿಟ್ಟು ದಿನಾ ಆಫೀಸಿಗೆ ಓಡ್ಸಂಗಿಲ್ಲ. ದಿನಾ ಓಡಿಸ್ಬೇಕು ಅನ್ನೋರು ಮಾಮೂಲಿ ಆರ್‌ಸಿ ರಿನ್ಯೂ ಆಗಿದ್ಯಾ, ಎಲ್ಲಿವರೆಗೆ ಇದೆ ಅಂತ ನೋಡ್ದೆ ಅಡ್ವಾನ್ಸ್ ಕೊಡ್ಬೇಡಿ.