ಕುಡಿತ ಬಿಡುವವರ ಮೀಟಿಂಗ್: ಕಲಬುರಗಿ ಕಡೆಯವರು ಹುಡುಕುವುದು ಹೇಗೆ, ಹೋಗಿ ಕೂಡುವುದು ಹೇಗೆ

ಮೀಟಿಂಗಿಗಿಂತ ಮೊದಲು ದೇಹದ ವಿಚಾರ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತಿದ್ದು, ಒಂದು ಪಾಕೆಟ್ ಒಳಗೆ ಹೋದ ಮೇಲೆಯೇ ನಡುಕ ನಿಲ್ಲುವುದಾದರೆ, ಮನೆಯಲ್ಲಿ ಕೂತು ಒಮ್ಮೆಲೇ ಬಿಡಬೇಡಿ. ಕೊನೆಯ ಗುಟುಕಿನಿಂದ ಆರೆಂಟು ತಾಸಿಗೆ ನಡುಕ, ಬೆವರು ಶುರುವಾಗುತ್ತವೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನಕ್ಕೆ ಇಲ್ಲದ್ದು ಕಾಣಿಸಿ, ದಿಕ್ಕು ತಪ್ಪಿದಂತೆ ಮಾತಾಡತೊಡಗಿದರೆ ಜೀವಕ್ಕೇ ಅಪಾಯ. ತಡಮಾಡದೆ 108ಕ್ಕೆ ಕರೆ ಮಾಡಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ಆಸ್ಪತ್ರೆಗಳು; ಅಲ್ಲಿ ಮಾನಸಿಕ ರೋಗದ ಡಾಕ್ಟರನ್ನು ಕೇಳಿ. ಓಣಿಯ ದವಾಖಾನೆಯಲ್ಲಿ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬಂದರೆ ಸಾಕೆಂಬ ರೂಢಿ ಕೆಟ್ಟದ್ದು. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ವಿಟಮಿನ್ ಬಿ1 ಬತ್ತಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ಕುಡಿತದ ಪ್ರಮಾಣ ಮುಚ್ಚಿಡದೆ ಹೇಳಿ: ದಿನಕ್ಕೆ ಎಷ್ಟು ಕ್ವಾರ್ಟರ್, ಎಷ್ಟು ವರ್ಷದಿಂದ, ಕೊನೆಗೆ ಕುಡಿದದ್ದು ಯಾವಾಗ.

ಇನ್ನು ಹುಡುಕುವುದು. ನಮ್ಮ ಕಡೆ ಎರಡು ಬಗೆಯ ಗುಂಪುಗಳ ಹೆಸರು ಕೇಳಿಬರುತ್ತದೆ. ಒಂದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಇದರ ಭಾರತದ ಕಚೇರಿ ಮುಂಬೈಯಲ್ಲಿದೆ; ಅದರ ಜಾಲತಾಣ ಮತ್ತು ಸಹಾಯವಾಣಿಯಲ್ಲಿ ಊರುವಾರು ವಿಚಾರಿಸಬಹುದು. ಇನ್ನೊಂದು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿ. ತಾಲ್ಲೂಕಿನ ಯೋಜನಾ ಕಚೇರಿಯಲ್ಲಿ ಕೇಳಿ. 14446 ನಶೆಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. 14416 ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಆಸ್ಪತ್ರೆಯ ಕೌನ್ಸೆಲರ್ ಬಳಿಯೂ ಎಎ ಸದಸ್ಯರ ನಂಬರ್ ಇರುವುದುಂಟು.

ವಿಳಾಸ ಸಿಕ್ಕಿತೆಂದು ನೇರ ಹೊರಡಬೇಡಿ. ಕೆಲಸ ಕೆಡುವುದು ಇಲ್ಲಿಯೇ. ಗುಂಪುಗಳು ಶಾಲೆ, ಚರ್ಚ್, ಸಮುದಾಯ ಭವನಗಳ ಕೋಣೆ ಕೇಳಿಕೊಂಡು ಸೇರುತ್ತವೆ. ಜಾಗ ಬದಲಾದರೂ ಪಟ್ಟಿಯಲ್ಲಿ ಹಳೆಯದೇ ಇರುತ್ತದೆ. ಬೀಗ ನೋಡಿ ಮರಳಿದವರು ಇನ್ನೊಮ್ಮೆ ಬರುವುದು ಕಷ್ಟ. ಹೋಗುವ ದಿನವೇ ಫೋನ್ ಮಾಡಿ ಕೇಳಿ: “ಸರ, ಇವತ್ತ ಮೀಟಿಂಗ್ ಅದ ಏನ್ರಿ? ಎಷ್ಟ್ ಗಂಟೆಕ್ಕ? ಯಾವ ಗೇಟಿನಿಂದ ಒಳಗ ಬರಬೇಕ್ರಿ? ಹೊಸಬರು, ಮನಿಯವರು ಬರಬಹುದೇನ್ರಿ?” ಕೊನೆಯ ಪ್ರಶ್ನೆ ಮುಖ್ಯ. ಓಪನ್ ಮೀಟಿಂಗಿಗೆ ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬಯಸುವವರಿಗೆ ಮಾತ್ರ. ಯಾವ ಭಾಷೆ ನಡೆಯುತ್ತದೆಂದೂ ಕೇಳಿ, ನಮ್ಮ ಕಡೆ ಉರ್ದು, ಹಿಂದಿ, ಮರಾಠಿ ಬೆರೆಯುವುದು ಸಹಜ. ಗೇಟಿನ ಬಳಿ ಯಾರಾದರೂ ನಿಂತಿರಲಿ ಎಂದು ಕೇಳಲು ಸಂಕೋಚ ಬೇಡ. ಆಳಂದ, ಸೇಡಂ, ಶಹಾಪುರ ಕಡೆಯಿಂದ ಬರುವವರು ಕೊನೆಯ ಬಸ್ಸಿನ ಹೊತ್ತು ಮೊದಲೇ ತಿಳಿದಿರಲಿ. ಬಸ್ ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲಿ ಒಬ್ಬರೇ ಕೂತ ರಾತ್ರಿ ಬಾರು ಬಹಳ ಹತ್ತಿರವಿರುತ್ತದೆ.

ಹತ್ತು ನಿಮಿಷ ಮೊದಲೇ ಹೋಗಿ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ತಾಸು. ಒಬ್ಬರು ನಡೆಸಿಕೊಡುತ್ತಾರೆ, ಚಿಕ್ಕ ಪ್ರಾರ್ಥನೆ, ಒಂದಿಷ್ಟು ಓದು, ಆಮೇಲೆ ಒಬ್ಬೊಬ್ಬರೇ ತಮ್ಮದನ್ನು ಹೇಳುತ್ತಾರೆ. ಇದಕ್ಕೆ ಶೇರಿಂಗ್ ಅನ್ನುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ನಿಮ್ಮ ಸರದಿ ಬಂದಾಗ ಹೆಸರಷ್ಟೇ ಹೇಳಿ, “ಇವತ್ತ ಕೇಳ್ಲಿಕ್ಕ ಬಂದೀನ್ರಿ” ಅಂದರೆ ಮುಗಿಯಿತು. ಅಡ್ಡಹೆಸರು, ಜಾತಿ, ನೌಕರಿ ಹೇಳುವ ಅಗತ್ಯವಿಲ್ಲ. ಕೊನೆಗೆ ಡಬ್ಬಿ ಬರುತ್ತದೆ. ಚಹಾ, ಬಾಡಿಗೆಗೆ ಸದಸ್ಯರೇ ಹಾಕುವ ದುಡ್ಡು ಅದು. ಕೈಲಾದಷ್ಟು ಹಾಕಿ, ಇಲ್ಲದಿದ್ದರೆ ಮುಂದಕ್ಕೆ ದಾಟಿಸಿ. ಎಎಯಲ್ಲಿ ಫೀಸ್ ಇಲ್ಲ, ಔಷಧಿಯೂ ಕೊಡುವುದಿಲ್ಲ. ದುಡ್ಡು ಕಟ್ಟಿದರೆಯೇ ಪ್ರವೇಶ, ಗ್ಯಾರಂಟಿ ಬಿಡಿಸುತ್ತೇವೆ ಅನ್ನುವವರು ಎಎ ಅಲ್ಲ.

ಪರಿಚಯದವರು ಸಿಕ್ಕಾರೆಂಬ ಅಂಜಿಕೆ ನಮ್ಮಂಥ ಊರಲ್ಲಿ ನಿಜವಾದದ್ದು. ಸಿಕ್ಕರೂ ಅವರು ಅದೇ ಕಾರಣಕ್ಕೆ ಬಂದವರು, ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ಎಲ್ಲರಿಗೂ ಒಂದೇ ಕಟ್ಟಳೆ. ಕುಡಿದು ಬಂದವರನ್ನು ಗದ್ದಲ ಮಾಡದಿದ್ದರೆ ಕೂಡಿಸಿಕೊಳ್ಳುವುದೇ ಹೆಚ್ಚು, ಆದರೆ ಆ ದಿನ ಮಾತಿನ ಸರದಿ ಸಿಗಲಿಕ್ಕಿಲ್ಲ. ಮತ್ತೆ ಕುಡಿದಿರಿ ಎಂದು ಮುಖ ತಪ್ಪಿಸಿಕೊಳ್ಳಬೇಡಿ. ಹೋಗಲೇಬೇಕಾದ ದಿನ ಅದೇ.

ಒಂದು ಸಲ ಕೂತು ‘ಇದು ನಮಗಲ್ಲ’ ಅನ್ನಬೇಡಿ, ಐದಾರು ಸಲವಾದರೂ ಹೋಗಿ. ಮೊದಲ ದಿನವೇ ಇಬ್ಬರ ನಂಬರ್ ಬರೆದುಕೊಂಡು, ಅಲ್ಲೇ ಮಿಸ್ಡ್ ಕಾಲ್ ಕೊಟ್ಟು ಸೇವ್ ಮಾಡಿಕೊಳ್ಳಿ. ಸಂಜೆ ಆಸೆ ಎದ್ದಾಗ ಕೈಗೆ ಬರಬೇಕಾದದ್ದು ಆ ನಂಬರ್, ಅದೂ ಮೊದಲ ಗುಟುಕಿಗಿಂತ ಮುಂಚೆ.

ಮನೆಯವರಿಗೆ ಒಂದು ಮಾತು: ಕುಡಿಯುವವರ ಕುಟುಂಬಕ್ಕೆಂದೇ ಅಲ್-ಅನಾನ್ ಎಂಬ ಬೇರೆ ಗುಂಪುಗಳಿವೆ, ಅವರು ಕುಡಿತ ಬಿಡದಿದ್ದರೂ ನೀವು ಹೋಗಬಹುದು. ಅವರಿಗೆ ಗೊತ್ತಿಲ್ಲದಂತೆ ಊಟದಲ್ಲಿ ಕುಡಿತ ಬಿಡಿಸುವ ಗುಳಿಗೆ ಬೆರೆಸುವ ಕೆಲಸ ಮಾತ್ರ ಬೇಡವೇ ಬೇಡ. ಆ ಗುಳಿಗೆಯ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು.

ಊರಲ್ಲಿ ಗುಂಪೇ ಇಲ್ಲದಿದ್ದರೆ ಆನ್‌ಲೈನ್ ಮೀಟಿಂಗಿಗೆ ಸೇರಿ. ಎಎ ಸಂಪ್ರದಾಯದಂತೆ ಕುಡಿತ ಬಿಡಲೆಂದೇ ಇಬ್ಬರು ಮೂವರು ಕೂತರೂ ಅದು ಗುಂಪೇ. ಸುರಪುರದಲ್ಲೋ ಭಾಲ್ಕಿಯಲ್ಲೋ ನಿಮ್ಮಂತೆಯೇ ಹುಡುಕುತ್ತಿರುವವರು ಸಿಕ್ಕರೆ, ವಾರ, ವೇಳೆ, ಜಾಗ ಗೊತ್ತು ಮಾಡಿ, ಹತ್ತಿರದ ಗುಂಪಿನಿಂದ ಒಬ್ಬ ಹಳಬರನ್ನು ಕರೆಸಿ ಶುರುಮಾಡಿ.