ಹಳೆ ಕ್ಯಾಮ್ರಿಯ ಟೈರ್ ಸೆನ್ಸರ್‌ಗಳನ್ನು ನಾನೇ ಬದಲಿಸಿದ್ದು

ಮಿಶಿಗನ್‌ನಲ್ಲಿ ನಾನು ಓಡಿಸುವುದು 2009ರ ಟೊಯೊಟಾ ಕ್ಯಾಮ್ರಿ. ಎಂಜಿನ್ ಇನ್ನೂ ಗಟ್ಟಿಯಾಗಿದೆ. ಆದರೆ ಟೈರ್ ಗಾಳಿಯ ಹಳದಿ ದೀಪ ಆರುತ್ತಲೇ ಇರಲಿಲ್ಲ. ಹಳೆ ಕಾರಿನಲ್ಲಿ ಇದೆಲ್ಲ ಇದ್ದದ್ದೇ ಅಂತ ಕೆಲವರು ಆ ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊಳೆ ಚುಚ್ಚಿ ನಿಧಾನಕ್ಕೆ ಗಾಳಿ ಇಳಿಯುತ್ತಿದ್ದರೆ, ಹೈವೇಯಲ್ಲಿ ಅದನ್ನು ನಮಗೆ ತಿಳಿಸಲು ಇರುವುದು ಇದೊಂದೇ.

ಮೊದಲು ದೀಪ ಹೇಗೆ ಹತ್ತುತ್ತದೆ ಅಂತ ಗಮನಿಸಿ. ಕಾರು ಆನ್ ಮಾಡಿದಾಗಿನಿಂದ ಒಂದೇ ಸಮ ಉರಿಯುತ್ತಿದ್ದರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ. ಚಳಿಗಾಲದ ಬೆಳಗ್ಗೆ ಇದು ಜಾಸ್ತಿ, ಏಕೆಂದರೆ ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ (ಒತ್ತಡದ ಅಳತೆ) ಕಡಿಮೆಯಾಗುತ್ತದೆ. ಗಾಳಿ ಹಾಕಿದರೆ ಆಯ್ತು. ಆದರೆ ಸುಮಾರು ಒಂದು ನಿಮಿಷ ಮಿನುಗಿ, ಆಮೇಲೆ ಉರಿಯುತ್ತಲೇ ಉಳಿದರೆ ತೊಂದರೆ ಸೆನ್ಸರಿನ ಕಡೆಯದು. ನನ್ನದು ಮಿನುಗುತ್ತಿತ್ತು.

ಕಾರಣ ಬ್ಯಾಟರಿ. ಚಕ್ರದೊಳಗೆ, ವಾಲ್ವಿಗೆ ಅಂಟಿಕೊಂಡಂತೆ ಕೂತು, ಗಾಳಿಯ ಒತ್ತಡ ಅಳೆದು ರೇಡಿಯೋ ಮೂಲಕ ಕಾರಿಗೆ ತಿಳಿಸುವ ಸೆನ್ಸರಿನಲ್ಲಿ ಒಂದು ಪುಟ್ಟ ಲಿಥಿಯಂ ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ 5ರಿಂದ 10 ವರ್ಷ ಬಾಳುತ್ತದೆ. ಅದನ್ನು ಒಳಗೇ ಸೀಲ್ ಮಾಡಿರುವುದರಿಂದ ಬ್ಯಾಟರಿ ಮಾತ್ರ ಬದಲಿಸಲು ಆಗಲ್ಲ. ಅಮೆರಿಕದಲ್ಲಿ 2007ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಕಾರುಗಳಲ್ಲೂ ಟೈರ್ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ (ಟಿಪಿಎಂಎಸ್) ಕಡ್ಡಾಯ. ಆ ಕಾಲದ ಕಾರುಗಳಲ್ಲಿ ಮೂಲ ಸೆನ್ಸರ್ ಇನ್ನೂ ಇದ್ದರೆ ಅದರ ಬ್ಯಾಟರಿ ಮುಗಿದಿರುವುದೇ ಹೆಚ್ಚು.

ಸ್ಟೀರಿಂಗ್ ಕೆಳಗಿನ ರಿಸೆಟ್ ಬಟನ್ ಒತ್ತಿದರೆ ಸರಿಹೋಗುತ್ತದೆ ಅಂತ ಹಲವರು ಹೇಳುತ್ತಾರೆ. ಆ ಬಟನ್ ಈಗಿರುವ ಗಾಳಿಯ ಮಟ್ಟವನ್ನು ಸರಿಯಾದ ಮಟ್ಟ ಅಂತ ಕಾರಿಗೆ ಗುರುತು ಮಾಡಿಕೊಡುತ್ತದೆ, ಅಷ್ಟೇ. ಹೊಸ ಸೆನ್ಸರನ್ನು ಅದು ಪರಿಚಯಿಸಲ್ಲ. ಪ್ರತಿ ಸೆನ್ಸರಿಗೂ ತನ್ನದೇ ಐಡಿ ಸಂಖ್ಯೆ ಇದೆ. ನಾಲ್ಕು ಐಡಿಗಳನ್ನು ಕಾರು ನೆನಪಿಟ್ಟುಕೊಂಡಿರುತ್ತದೆ. ಬೇರೆ ಐಡಿ ಬಂದರೆ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ.

ಹಾಗಾಗಿ ನಾನು ಆರಿಸಿಕೊಂಡ ದಾರಿ ಕ್ಲೋನ್ ಮಾಡುವುದು. ಪ್ರೋಗ್ರಾಂ ಮಾಡಬಹುದಾದ ಖಾಲಿ ಸೆನ್ಸರ್‌ಗಳು ಸಿಗುತ್ತವೆ. ಹಳೆ ಐಡಿಯನ್ನೇ ಅವಕ್ಕೆ ತುಂಬಿದರೆ ಕಾರಿಗೆ ಏನೂ ಹೇಳಬೇಕಾಗಿಲ್ಲ. ಸೆನ್ಸರಿನ ಐಡಿ ಓದುವ, ಕೈಯಲ್ಲಿ ಹಿಡಿಯುವ ಟಿಪಿಎಂಎಸ್ ಟೂಲನ್ನು ಒಂದೊಂದೇ ವಾಲ್ವಿನ ಪಕ್ಕಕ್ಕೆ ಹಿಡಿದೆ. ಮೂರು ಸೆನ್ಸರ್ ಐಡಿ ಕೊಟ್ಟವು. ಹಿಂದಿನ ಬಲಗಡೆಯದು ಸತ್ತಿತ್ತು. ಅದರ ಐಡಿ ಅದರ ಮೈಮೇಲೇ ಅಚ್ಚಾಗಿರುತ್ತದೆ, ಟೈರ್ ಬಿಚ್ಚಿದಾಗ ನೋಡಿ ಟೂಲಿನಲ್ಲಿ ಕೈಯಾರೆ ಟೈಪ್ ಮಾಡಿದೆ. ಸತ್ತದ್ದು ಒಂದೇ ಆದರೂ ನಾಲ್ಕನ್ನೂ ಬದಲಿಸಿದೆ. ಎಲ್ಲದಕ್ಕೂ ಒಂದೇ ವಯಸ್ಸು ಅಲ್ವಾ, ಉಳಿದವು ಜಾಸ್ತಿ ದಿನ ಬರಲ್ಲ. ಕೊಳ್ಳುವಾಗ ಫ್ರೀಕ್ವೆನ್ಸಿ ನೋಡಿ. ನನ್ನ ಕ್ಯಾಮ್ರಿಗೆ ಬೇಕಾದದ್ದು 315 ಮೆಗಾಹರ್ಟ್ಸ್. ಯುರೋಪಿನ ಕಾರುಗಳಿಗೆ ಬರುವುದು 433.

ಟೈರನ್ನು ರಿಮ್ಮಿನಿಂದ ಪೂರ್ತಿ ಬಿಚ್ಚಬೇಕಿಲ್ಲ. ಚಕ್ರ ಕಳಚಿ, ವಾಲ್ವಿನೊಳಗೆ ಗಾಳಿ ತಡೆಯುವ ಪುಟ್ಟ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟೆ. ಟೈರ್ ರಿಮ್ಮಿನ ಮೇಲೆ ಜರುಗಿದರೆ ಬ್ಯಾಲೆನ್ಸ್ ಕೆಡುತ್ತದೆ, ಅದಕ್ಕೇ ವಾಲ್ವಿನ ನೇರಕ್ಕೆ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ. ಟೈರಿನ ಅಂಚನ್ನು (ಬೀಡ್) ರಿಮ್ಮಿನಿಂದ ಬಿಡಿಸುವ ಬೀಡ್ ಬ್ರೇಕರನ್ನು ವಾಲ್ವಿನಿಂದ ದೂರ ಇಟ್ಟು ಒತ್ತಬೇಕು, ಇಲ್ಲದಿದ್ದರೆ ಒಳಗಿನ ಸೆನ್ಸರ್ ಪುಡಿಯಾಗುತ್ತದೆ. ಹೊರಬದಿಯ ಅಂಚು ಬಿಟ್ಟುಕೊಂಡ ಮೇಲೆ, ವಾಲ್ವಿನ ಹತ್ತಿರ ಟೈರನ್ನು ಕೆಳಕ್ಕೆ ಒತ್ತಿ ಮರದ ತುಂಡು ಸಿಕ್ಕಿಸಿದರೆ ಕೈ ಹೋಗುವಷ್ಟು ಜಾಗ ಸಿಗುತ್ತದೆ.

ಮುಂದಿನ ಬಲಗಡೆಯ ಚಕ್ರದಲ್ಲಿ ವಾಲ್ವಿನ ನಟ್ಟು ಅಲುಗಾಡಲೇ ಇಲ್ಲ. ಇಲ್ಲಿ ಹಿಮ ಬಿದ್ದಾಗ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಲ್ಯುಮಿನಿಯಂ ವಾಲ್ವನ್ನು ಅದು ತಿಂದುಹಾಕುತ್ತದೆ. ಸಿಕ್ಕಿಕೊಂಡ ನಟ್ಟನ್ನು ಸಡಿಲಿಸುವ ಪೆನಿಟ್ರೇಟಿಂಗ್ ಆಯಿಲ್ ಹಾಕಿ ಕಾದು ಬಿಚ್ಚಿದೆ. ಉಪ್ಪಿನ ಊರಿನಲ್ಲಿ ಹಿತ್ತಾಳೆಯ ಪಿನ್ ಹಾಕಲೇಬಾರದು, ನಿಕಲ್ ಲೇಪದ್ದೇ ಬೇಕು. ಮುಚ್ಚಳ ಕೂಡ ಪ್ಲಾಸ್ಟಿಕ್ಕಿನದೇ ಇರಲಿ. ಹೊಸ ನಟ್ಟನ್ನು, ಬಿಗಿಯುವ ಬಲ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ 4 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆ. ಇದು ಬಹಳ ಕಡಿಮೆ ಬಲ. ಸುಮ್ನೆ ಅಂದಾಜಿನಲ್ಲಿ ತಿರುಗಿಸಿದರೆ ವಾಲ್ವ್ ಮುರಿಯುತ್ತದೆ.

ಬೀಡಿಗೆ ಸೋಪಿನ ನೀರು ಸವರಿ ಕಂಪ್ರೆಸರಿನಿಂದ ಗಾಳಿ ತುಂಬಿದೆ. ಟಪ್ ಅಂತ ಕೂತಿತು. 40 ಪಿಎಸ್‌ಐ ದಾಟಿದರೂ ಕೂರದಿದ್ದರೆ ಅಲ್ಲಿಗೇ ನಿಲ್ಲಿಸಿ, ಟೈರ್ ಅಂಗಡಿಗೆ ಒಯ್ಯಿರಿ. ಇದರಲ್ಲಿ ಹಟ ಮಾಡುವುದು ಅಪಾಯ.

ಬಾಗಿಲ ಬಳಿಯ ಸ್ಟಿಕರಿನಲ್ಲಿರುವಷ್ಟು ಗಾಳಿ ಹಾಕಿ ಓಡಿಸಿದ ಸ್ವಲ್ಪ ಹೊತ್ತಿಗೆ ದೀಪ ಆರಿತು. ಆಮೇಲೆ ಇನ್ನೂ ನಾಲ್ಕು ಖಾಲಿ ಸೆನ್ಸರ್ ತಂದು, ಅವೇ ಐಡಿ ತುಂಬಿ, ಹಿಮದ ಟೈರ್ ಇರುವ ಚಕ್ರಗಳಿಗೂ ಹಾಕಿಟ್ಟಿದ್ದೇನೆ. ನವೆಂಬರಿನಲ್ಲಿ ಚಕ್ರ ಬದಲಿಸಿದರೂ ಕಾರಿಗೆ ವ್ಯತ್ಯಾಸವೇ ತಿಳಿಯಲ್ಲ.