ಸಿಮೆಂಟ್ ಕಡಿಮೆ ಮಾಡಿದ ಮೇಲೆ ಬಿರುಕು ನಿಂತಿತು: ಗಾರೆ ಕೆಲಸದಲ್ಲಿ ನನ್ನ ಅನುಭವ

ಗೋಡೆ ಬಿರುಕು ಬಿಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಸಿಮೆಂಟ್ ಕಮ್ಮಿ ಹಾಕಿದ್ದಾರೆ." ನಾನೂ ಹನ್ನೆರಡು ವರ್ಷ ಹಾಗೇ ನಂಬಿದ್ದೆ. ಈಗ ನಂಬುವುದಿಲ್ಲ. ಈಚೆಗೆ ಮುಗಿಸಿದ ಮೂರು ಕಟ್ಟಡಗಳಿಗೆ ಒಳಗೂ ಹೊರಗೂ ಸಿಮೆಂಟ್ ಇಳಿಸಿ, ಸುಣ್ಣ ಸೇರಿಸಿ ಗಾರೆ ಮಾಡಿದ್ದೇನೆ. ಮೊದಲನೆಯದು ಎರಡು ಮಳೆಗಾಲ ಕಂಡಿದೆ. ಗೋಡೆಯ ನಡುವೆ ಒಂದು ಕೂದಲೆಳೆಯಷ್ಟು ಬಿರುಕೂ ಇಲ್ಲ.

ಮೊದಲು ಸೋತ ಕಥೆ. ಎರಡು ಅಂತಸ್ತಿನ ಮನೆ, ಇಟ್ಟಿಗೆ ಗೋಡೆ. ಹೊರಗೆ 1:4 (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು) ಕಲಸಿ, 20 ಮಿ.ಮೀ. ದಪ್ಪವನ್ನು ಒಂದೇ ಸಲಕ್ಕೆ ಬಡಿದೆವು. ದಪ್ಪ ಒಂದೇ ಸಮ ಬರಲು ಅಲ್ಲಲ್ಲಿ ಗಾರೆಯ ಗುರುತು (ಬುಲ್ ಮಾರ್ಕ್) ಇಟ್ಟು ಪಟ್ಟಿ ಎಳೆದ ಮೇಲೆ ಗೋಡೆ ನೋಡಲು ಎಷ್ಟು ಚೆನ್ನಾಗಿತ್ತು ಅಂದ್ರೆ ಮಾಲೀಕರು ನೆಂಟರನ್ನು ಕರೆದು ತೋರಿಸಿದರು. ಏಳು ದಿನ ತಪ್ಪದೆ ನೀರು ಹೊಡೆದೆವು. ಮೂರನೇ ವಾರಕ್ಕೆ ಪಶ್ಚಿಮದ ಗೋಡೆ ತುಂಬಾ ಜೇಡರ ಬಲೆ ಹಾಗೆ ಬಿರುಕು. ಕರಣೆ ಹಿಡಿಯಿಂದ ತಟ್ಟಿ ನೋಡಿದರೆ ನಾಲ್ಕೈದು ಕಡೆ ಪೊಳ್ಳು ಸದ್ದು.

ಒಡೆದು ಮತ್ತೆ ಮಾಡಿದೆ. ಈ ಸಲ 1:3. ಸಿಮೆಂಟ್ ಜಾಸ್ತಿ ಮಾಡಿದರೆ ಸರಿಹೋಗುತ್ತೆ ಅಂತ ನಾನೇ ಹೇಳಿದ್ದು. ಒಂದು ತಿಂಗಳೊಳಗೆ ಮತ್ತೆ ಬಿರುಕು. ಮೊದಲಿಗಿಂತ ಅಗಲ. ಒಡೆಯುವ ಕೂಲಿ, ಒಡೆದ ಗಾರೆ ಸಾಗಿಸಿದ ಬಾಡಿಗೆ, ಸಾರ್ವೆ ಇನ್ನೂ ಹದಿನೆಂಟು ಇಪ್ಪತ್ತು ದಿನ ನಿಂತ ಬಾಡಿಗೆ, ಹೊಸ ಸಾಮಾನು, ಎಲ್ಲಾ ನನ್ನ ಕೈಯಿಂದ. ಆ ಮನೆಯ ಲಾಭ ಪೂರ್ತಿ ಹೋಯಿತು. ಅದಕ್ಕೆ ಹಿಂದಿನ ಕೆಲಸದಲ್ಲಿ ಉಳಿಸಿದ್ದರಲ್ಲೂ ಅರ್ಧ ಹೋಯಿತು. ಹುಡುಗರಿಗೆ ಎರಡು ವಾರ ಬಟವಾಡೆ ತಡ ಮಾಡಬೇಕಾಯಿತು. ಆ ಎರಡು ವಾರ ನನಗೆ ನಿದ್ದೆ ಇರಲಿಲ್ಲ.

ಎರಡನೇ ಸಲ ಒಡೆಯುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೂಲೆಯಲ್ಲಿ ನಾಲ್ಕು ಅಡಿ ಅಗಲದ ತುಂಡು ಮಾತ್ರ ಉಳಿದಿತ್ತು. ಉಳಿಯಿಂದ ಹೊಡೆದರೂ ಇಟ್ಟಿಗೆ ಬಿಟ್ಟು ಬರಲಿಲ್ಲ. ನೆನಪು ಮಾಡಿಕೊಂಡೆ. ಅಲ್ಲಿ ಸಂಜೆ ಸಿಮೆಂಟ್ ಮುಗಿದು ಹೋಗಿತ್ತು. ಇದ್ದ ಅರ್ಧ ಚೀಲಕ್ಕೆ ಸುಣ್ಣದ ಪುಡಿ ಸುರಿದು, ಮರಳು ಜಾಸ್ತಿ ಮಾಡಿ ಹೇಗೋ ಮುಗಿಸಿದ್ದೆವು. ನಾವು ಕಳಪೆ ಅಂದುಕೊಂಡಿದ್ದ ಗಾರೆ ಗಟ್ಟಿಯಾಗಿ ಕೂತಿತ್ತು. ಒಳ್ಳೆಯದು ಅಂದುಕೊಂಡಿದ್ದೇ ಉದುರಿತ್ತು.

ಸಿಮೆಂಟ್ ಜಾಸ್ತಿಯಾದಷ್ಟೂ ಗಾರೆ ಜಾಸ್ತಿ ಕುಗ್ಗುತ್ತದೆ. ಇಟ್ಟಿಗೆ ಅದರ ಜೊತೆ ಕುಗ್ಗುವುದಿಲ್ಲ. ಆ ಎಳೆತಕ್ಕೆ ಗಾರೆಯೇ ಬಿರಿಯುತ್ತದೆ, ಇಲ್ಲವೇ ಇಟ್ಟಿಗೆ ಬಿಟ್ಟು ಏಳುತ್ತದೆ.

ಈಗ ನಾನು ಮಾಡುವುದು ಹೀಗೆ. ಹೊರಗೋಡೆಗೆ ಒಂದು ಸಿಮೆಂಟ್, ಒಂದು ಸುಣ್ಣ, ಆರು ಮರಳು. ಒಳಗೆ ಒಂದು, ಎರಡು, ಒಂಬತ್ತು. ಅದಕ್ಕೂ ಮೊದಲು ಎರಚು ಗಾರೆ. ಒಂದು ಸಿಮೆಂಟಿಗೆ ಎರಡು ದಪ್ಪ ಮರಳು ಹಾಕಿ, ಗಂಜಿಯಷ್ಟು ತೆಳ್ಳಗೆ ಕಲಸಿ, ಕರಣೆಯಿಂದ ಗೋಡೆಗೆ ಬೀಸಿ ಎರಚಬೇಕು. ಅದನ್ನು ಸವರಬಾರದು. ನನ್ನ ಹುಡುಗರಿಗೆ ಇದನ್ನು ಕಲಿಸುವುದೇ ಕಷ್ಟವಾಯಿತು. ಕೈ ತಾನಾಗಿ ನುಣುಪು ಮಾಡಲು ಹೋಗುತ್ತೆ. ಮುಳ್ಳುಮುಳ್ಳಾಗಿ ಬಿಟ್ಟು ಎರಡು ದಿನ ತೇವ ಇಟ್ಟರೆ, ಮೇಲಿನ ಗಾರೆ ಹಿಡಿದುಕೊಳ್ಳಲು ಅದಕ್ಕಿಂತ ಒಳ್ಳೆಯ ತಳ ಇಲ್ಲ. ಕಾಂಕ್ರೀಟ್ ಕಂಬಕ್ಕಂತೂ ಗಾರೆ ಹಿಡಿಯಲಿ ಅಂತ ಉಳಿಯಿಂದ ಕಚ್ಚು ಹೊಡೆದ ಮೇಲೂ ಇದು ಬೇಕೇ ಬೇಕು.

ಹೊರಗೆ 20 ಮಿ.ಮೀ. ಅನ್ನು ಈಗ ಎರಡು ಸಲಕ್ಕೆ ಮಾಡುತ್ತೇನೆ. ಮೊದಲು 12, ಅದರ ಮೇಲೆ ಗೀರು ಹಾಕಿ ಕೆಲವು ದಿನ ಬಿಟ್ಟು 8. ಕುಗ್ಗುವುದೆಲ್ಲಾ ಮೊದಲ ಪದರದಲ್ಲೇ ಕುಗ್ಗಲಿ ಅಂತ. ಮೇಲಿನ ಪದರ ಕೆಳಗಿನದಕ್ಕಿಂತ ಯಾವತ್ತೂ ಗಟ್ಟಿ ಇರಬಾರದು. ಒಳಗೋಡೆಗೆ 12 ಮಿ.ಮೀ. ಒಂದೇ ಪದರ ಸಾಕು.

ಸುಣ್ಣವನ್ನು ಒಣ ಪುಡಿಯಾಗಿ ಸುರಿಯುವುದಿಲ್ಲ. ಹಿಂದಿನ ದಿನವೇ ಮರಳಿನ ಜೊತೆ ನೆನೆಸಿಡುತ್ತೇನೆ, ಸಿಮೆಂಟ್ ಮಾತ್ರ ಬಡಿಯುವ ಹೊತ್ತಿಗೆ. ಎಷ್ಟು ನೀರು, ಹದ ಹೇಗೆ ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ತಂಡದ ಹೊಟ್ಟೆಪಾಡು. ಒಂದು ಮಾತು ಮಾತ್ರ ಹೇಳಲೇಬೇಕು: ಸುಣ್ಣದ ಗಾರೆ ಕಣ್ಣಿಗೆ ಬಿದ್ದರೆ ಸುಡುತ್ತದೆ. ತಾರಸಿಯ ಕೆಳಭಾಗ ಬಡಿಯುವಾಗ ನಮ್ಮ ಒಬ್ಬ ಹುಡುಗನಿಗೆ ಹಾಗಾಯಿತು. ತಕ್ಷಣ ಕೊಡಗಟ್ಟಲೆ ನೀರು ಹಾಕಿ ತೊಳೆದು ಆಸ್ಪತ್ರೆಗೆ ಓಡಿದೆವು, ಕಣ್ಣು ಉಳಿಯಿತು. ಅವತ್ತಿನಿಂದ ಕನ್ನಡಕ ಇಲ್ಲದೆ ಯಾರೂ ಸಾರ್ವೆ ಹತ್ತುವಂತಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿದರೆ ಗಾರೆ ಬೆಣ್ಣೆ ಹಾಗೆ ಜಾರುತ್ತೆ, ಹುಡುಗರಿಗೆ ಬಹಳ ಇಷ್ಟ. ಆದರೆ ಗಾಳಿ ಗುಳ್ಳೆ ತುಂಬಿಕೊಂಡು ಗಾರೆ ಪೊಳ್ಳಾಗುತ್ತೆ. ತಿಂಗಳಾದ ಮೇಲೆ ಉಗುರಲ್ಲಿ ಕೆರೆದರೆ ಪುಡಿ ಬಂತು. ಬಿಟ್ಟೆ. ತೆಂಗಿನ ನಾರನ್ನು ಬೆರಳಷ್ಟು ಉದ್ದ ಕತ್ತರಿಸಿ ಮೊದಲ ಪದರಕ್ಕೆ ಹಾಕಿದೆ. ಪರವಾಗಿಲ್ಲ, ಆದರೆ ಉಂಡೆ ಕಟ್ಟದಂತೆ ಕಲಸುವುದರಲ್ಲೇ ಅರ್ಧ ದಿನ ಹೋಯಿತು.

ಮರಳಿನ ವಿಷಯದಲ್ಲಿ ಮಾತ್ರ ಪ್ರಯೋಗ ಕೈಹಿಡಿಯಿತು. ಹಸಿ ಮರಳು ಉಬ್ಬಿರುತ್ತದೆ ಅಂತ ಎಲ್ಲರಿಗೂ ಗೊತ್ತು, ಆದರೆ ಅಳೆಯುವವರು ಯಾರು? ನಾನು ಡಬ್ಬಿಯಲ್ಲಿ ಅಳೆದೆ. ಹಸಿಯಾಗಿ ತುಂಬಿದ ಡಬ್ಬಿ ಒಣಗಿಸಿದ ಮೇಲೆ ಸುಮಾರು ಕಾಲು ಭಾಗ ಖಾಲಿ. ಅಂದರೆ ಬಾಂಡ್ಲಿ ಲೆಕ್ಕದಲ್ಲಿ ಆರು ಅಂತ ಹಾಕಿದ್ದು ನಿಜಕ್ಕೂ ನಾಲ್ಕೂವರೆ! ಮರಳು ಕಮ್ಮಿಯಾಗಿ ಸಿಮೆಂಟ್ ಪಾಲು ತಾನಾಗೇ ಜಾಸ್ತಿ. ಬರೀ ಮಳೆಗಾಲದಲ್ಲಿ ಮಾಡಿದ ಗೋಡೆಗಳು ಯಾಕೆ ಜಾಸ್ತಿ ಬಿರುಕು ಬಿಡುತ್ತಿದ್ದವು ಅಂತ ಅವತ್ತು ಅರ್ಥವಾಯಿತು. ಈಗ ಬಾಂಡ್ಲಿ ಇಲ್ಲ, ಮರದ ಪೆಟ್ಟಿಗೆಯೇ ಅಳತೆ, ಹಸಿ ಮರಳಿಗೆ ಲೆಕ್ಕ ಬೇರೆ.

ಬಿಸಿಲಿನ ಬಗ್ಗೆಯೂ ಹಟ ಮಾಡುತ್ತೇನೆ. ಪಶ್ಚಿಮದ ಗೋಡೆ ಬೆಳಿಗ್ಗೆ, ಪೂರ್ವದ್ದು ಮಧ್ಯಾಹ್ನದ ಮೇಲೆ. ನೆರಳು ತಿರುಗಿದ ಹಾಗೆ ತಂಡವೂ ತಿರುಗಬೇಕು. ಸಾರ್ವೆಗೆ ಒದ್ದೆ ಗೋಣಿಚೀಲ ಇಳಿಬಿಡುತ್ತೇವೆ.

ಸುಣ್ಣ ಅಂದಾಗ ಯಾರೂ ಒಪ್ಪಲಿಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ, "ಒಂದೇ ಮಳೆಗೆ ಕರಗಿ ಹೋಗುತ್ತೆ ಕಣೋ, ಹೆಸರು ಕೆಡಿಸ್ಕೋಬೇಡ" ಅಂದರು. ಎಂಜಿನಿಯರ್ ಸಹಿ ಹಾಕಲು ಹಿಂದೆ ಮುಂದೆ ನೋಡಿದರು. ಕೊನೆಗೆ ಕಟ್ಟಡದ ಹಿಂಭಾಗದ ಗೋಡೆಯಲ್ಲಿ ಅಕ್ಕಪಕ್ಕ ಎರಡು ತುಂಡು ಮಾಡಿದೆ. ಒಂದು ಅವರ 1:4, ಒಂದು ನನ್ನದು. ನನ್ನದರಲ್ಲಿ ಬಿರುಕು ಬಂದರೆ ಇಡೀ ಗೋಡೆಯ ಕೂಲಿ ಬೇಡ ಅಂದೆ. ಆರು ವಾರಕ್ಕೆ ಅವರ ತುಂಡಲ್ಲಿ ಗೆರೆ ಮೂಡಿತು. ಮೇಸ್ತ್ರಿ ಬಂದು ನನ್ನದನ್ನು ನಾಣ್ಯದಿಂದ ಅಡಿಯಡಿಗೂ ತಟ್ಟಿದರು. ಏನೂ ಹೇಳಲಿಲ್ಲ. ಹೋಗುವಾಗ, "ಸುಣ್ಣ ಎಷ್ಟು ಅಂದೆ?" ಅಂತ ಕೇಳಿದರು.

ಖರ್ಚಿನ ಲೆಕ್ಕ: 1:4ಕ್ಕೆ ಹೋಲಿಸಿದರೆ ಸಿಮೆಂಟ್ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ಅದರಲ್ಲಿ ಬಹುಪಾಲು ಸುಣ್ಣಕ್ಕೇ ಹೋಗುತ್ತೆ. ಎರಚು ಗಾರೆಗೂ ಎರಡನೇ ಪದರಕ್ಕೂ ಕೂಲಿ ಸೇರಿ ಒಟ್ಟು ಹತ್ತರಲ್ಲಿ ಒಂದು ಪಾಲು ಜಾಸ್ತಿ ಬೀಳಬಹುದು. ಒಂದು ಗೋಡೆ ಒಡೆದು ಮಾಡಿದವರಿಗೆ ಇದು ದೊಡ್ಡದಲ್ಲ.

ಎಲ್ಲಾ ಸುಣ್ಣದಿಂದಲೇ ಆಗುತ್ತೆ ಅಂತಲ್ಲ. ಎರಡನೇ ಕಟ್ಟಡದಲ್ಲಿ ಒಂದು ತೊಲೆ ಮತ್ತು ಇಟ್ಟಿಗೆ ಸೇರುವ ಕಡೆ ಚಿಕನ್ ಮೆಷ್ (ತೆಳು ತಂತಿಯ ಜಾಲರಿ) ಹೊಡೆಯುವುದು ತಪ್ಪಿಹೋಗಿತ್ತು. ಸರಿಯಾಗಿ ಅಲ್ಲೇ ದಾರ ಎಳೆದ ಹಾಗೆ ಬಿರುಕು ಬಂತು. ಎರಡೂ ಕಡೆ 150 ಮಿ.ಮೀ. ಜಾಲರಿ ಬೇಕು, ಗಾರೆ ಯಾವುದೇ ಇರಲಿ.

ಈಗ ನೆಲದಿಂದ ಮೊದಲ ಎರಡು ಅಡಿಯ ಮೇಲೆ ಕಣ್ಣಿಟ್ಟಿದ್ದೇನೆ. ಮಳೆ ಸಿಡಿದು ಉಪ್ಪು ಪುಡಿ ಬರುವ ಜಾಗ ಅದು. ಅಲ್ಲಿ ಮೂರು ಬಗೆಯ ಗಾರೆ ಬಡಿದು, ಸೀಸದ ಕಡ್ಡಿಯಲ್ಲಿ ತಾರೀಖು ಬರೆದಿಟ್ಟಿದ್ದೇನೆ.